ಎಂಟು ಇಂಚು ಹೆಚ್ಚು ಉದ್ದದ ಪೋಂಚೊ

ಜೂನ್ 11, ಬುಧವಾರ

ಇವತ್ತು ಹಾಲಸ್ವಾಮಿಯ ಮಗಳು ರಶ್ಮಿ ಲ್ಯಾಬಿಗೆ ಬಂದಿದ್ದಳು. ಪಿಯು ಹುಡುಗರು ಪೆಂಡುಲಮ್ ತೂಗಿಬಿಟ್ಟು ಎಣಿಸುತ್ತಿದ್ದರು. ಒಳಗೆ ಬರಲೇ ಎಂದೂ ಕೇಳದೆ ಬಾಗಿಲಲ್ಲಿ ನಿಂತು ಹೇಳಿದಳು: "ಸರ್, ಈ ಸಲ ಬಳಗದ ಜೊತಿ ನಾನೂ ಟ್ರೆಕ್ಕಿಗೆ ಹೋಗ್ತಿದೀನಿ. ಪೋಂಚೊ ತಗೋಬೇಕು. ಯಾವುದು ಛಲೋ ಅಂತ ನಿಮ್ಮನ್ನೇ ಕೇಳು ಅಂದ್ರು."

ಮೊದಲೆಲ್ಲ ಕಾಕಾ ಅನ್ನುತ್ತಿದ್ದವಳು. ಈಗ ಸರ್.

"ಯಾರಂದ್ರು?"

"ಕರಿಬಸವರಾಜ್ ಅಂಕಲ್."

ಆ ಮನುಷ್ಯನಿಗೆ ಬುದ್ಧಿ ಇಲ್ಲ. ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ, ನಮ್ಮ ಚಾರಣ ಬಳಗಕ್ಕೆ ಅಧ್ಯಕ್ಷನೂ ಅವನೇ. ಅಧ್ಯಕ್ಷ ಎಂದರೆ ಬಸ್ಸಿನಲ್ಲಿ ಮುಂದಿನ ಸೀಟು. ಮಿಕ್ಕಿದ್ದೆಲ್ಲ ಕಾರ್ಯದರ್ಶಿಯ ಕೆಲಸ, ಅಂದರೆ ನನ್ನದು. ಅರಣ್ಯ ಇಲಾಖೆಗೆ ಅರ್ಜಿ ಬರೆಯುವುದು ನಾನು, ಔಷಧಿ ಡಬ್ಬಿ ಹೊರುವುದು ನಾನು, ಬೈಸಿಕೊಳ್ಳುವುದೂ ನಾನು.

ಕಳೆದ ಜುಲೈನಲ್ಲಿ ಇವಳ ಅಪ್ಪ ಘಟ್ಟ ಇಳಿಯುವಾಗ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡ. ತನ್ನ ಪೋಂಚೊದ ಅಂಚನ್ನು ತಾನೇ ತುಳಿದ. ತಲೆ ಮೇಲಿಂದ ಇಳಿಬಿಟ್ಟರೆ ಮೈಯನ್ನೂ ಬೆನ್ನಿನ ಚೀಲವನ್ನೂ ಒಟ್ಟಿಗೆ ಮುಚ್ಚುವ ಹಗುರ ಮಳೆಯಂಗಿ ಅದು. ಬಳಗಕ್ಕೆ ಅಂಥ ಹನ್ನೊಂದನ್ನು ತರಿಸಿಕೊಟ್ಟವನು ನಾನು. ಅಷ್ಟಕ್ಕೇ ಎಲ್ಲರೂ ನನ್ನನ್ನು ಹಾವಿನ ಹಾಗೆ ನೋಡುತ್ತಾರೆ. ಹನ್ನೊಂದು ಜನ ಹಾಕಿಕೊಂಡರು, ಹತ್ತು ಜನ ಬೀಳಲಿಲ್ಲ. ಸೊಂಟದ ದಾರ ಬಿಗಿದುಕೊಳ್ಳಿ ಎಂದು ಬೆಳಿಗ್ಗೆ ಎಲ್ಲರಿಗೂ ಸಾರಿ ಹೇಳಿದ್ದೆ. ಅವನು ಬಿಗಿದುಕೊಂಡನೋ ಇಲ್ಲವೋ. ಹಿಂದಿನ ರಾತ್ರಿ ಏನು ಕುಡಿದಿದ್ದನೋ.

"ಮಳೆಗಾಲ್ದಾಗ ಹೆಣ್ಮಕ್ಕಳು ಹೋಗೋ ಜಾಗ ಅಲ್ಲ ಅದು," ಎಂದೆ.

"ಅಪ್ಪ ಬಿದ್ದ ಮೆಟ್ಟಿಲು ಇಳೀಬೇಕು ನಾನು. ಅದಕ್ಕೇ ಹೊಂಟಿರೋದು," ಎಂದಳು.

ಅಪ್ಪನಷ್ಟೇ ಕುಳ್ಳಗಿದ್ದಾಳೆ. ಅಪ್ಪನದೇ ಹುಬ್ಬು. ಇಲ್ಲೇ ವಿದ್ಯಾನಗರದ ಹಾಸ್ಟೆಲಿನಲ್ಲಿದ್ದುಕೊಂಡು ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಾಳೆ. ಭಾನುವಾರ ನೋಡೋಣ ಎಂದು ಸಾಗಹಾಕಿದೆ.

ಜೂನ್ 12, ಗುರುವಾರ

ಕರಿಬಸವರಾಜನಿಗೆ ಫೋನ್ ಮಾಡಿ ಬೈದೆ. "ಅಲ್ರೀ ಗುರುಮೂರ್ತಿ, ಪೋಂಚೊ ವಿಷ್ಯ ನಿಮಗ ಬಿಟ್ರ ಯಾರಿಗೆ ಗೊತ್ತೈತೆ?" ಎಂದ. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು.

ಜೂನ್ 15, ಭಾನುವಾರ

ಆನೆಕೊಂಡದಲ್ಲಿ ಹುಸೇನ್ ಸಾಬರ ಅಂಗಡಿ. ವರ್ಷವಿಡೀ ಲಾರಿಗಳಿಗೆ ತಾಡಪಾಲು ಹೊಲಿಯುತ್ತಾರೆ, ಮಳೆಗಾಲ ಬಂದರೆ ರೇನ್‌ಕೋಟು ತೂಗುಹಾಕುತ್ತಾರೆ. ನಾನು ಹೋಗುವ ಹೊತ್ತಿಗೆ ರಶ್ಮಿ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಬೆನ್ನಿಗೆ ಚೀಲ ಬೇರೆ ಹಾಕಿಕೊಂಡು ಬಂದಿದ್ದಾಳೆ, ಒಳಗೆ ಪುಸ್ತಕ ತುಂಬಿಕೊಂಡು.

ಹಗುರ ಇರಬೇಕು, ನೀರು ಇಳಿಯಬಾರದು, ಗಾಳಿಗೆ ಹರಿಯಬಾರದು ಎಂದೆ. ಹುಸೇನ್ ಸಾಬ್ ಕನ್ನಡಕದ ಮೇಲಿಂದ ನೋಡಿದರು. "ಮೇಷ್ಟ್ರೇ, ನೀವು ಕೇಳ್ತಿರೋದು ಬಾತುಕೋಳಿ ಪುಕ್ಕ. ನನ್ನ ಹತ್ರ ಇರೋದು ಪ್ಲಾಸ್ಟಿಕ್."

ದಪ್ಪ ಪಿವಿಸಿಯದೊಂದನ್ನು ಅವಳಿಗೆ ತೊಡಿಸಿದರು. ಗಟ್ಟಿಮುಟ್ಟಾಗಿತ್ತು, ವಾಸನೆಯೂ ಗಟ್ಟಿಯಾಗಿತ್ತು. ಅಂಚು ಅವಳ ಚಪ್ಪಲಿಯ ಮೇಲೆ ಬಿದ್ದಿತು.

"ಹುಡುಗಿಗೆ ಉದ್ದ ಆತು," ಎಂದರು ಹುಸೇನ್ ಸಾಬ್.

ಅವಳು ನನ್ನ ಕಡೆ ತಿರುಗಿದಳು. "ಉದ್ದ ಆದ್ರ ಏನಾಗ್ತೈತೆ ಸರ್?"

"ಎಡವ್ತಾರೆ."

"ಯಾರು?"

"ಯಾರು ಹಾಕ್ಕೊಂಡಿರ್ತಾರೋ ಅವರು."

ಹುಸೇನ್ ಸಾಬ್ ಕತ್ತರಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ನಾನು ರಸ್ತೆ ನೋಡಿದೆ. ಅವಳು ಪಿವಿಸಿಯದನ್ನು ಕೇಳಿ ಇಸಿದುಕೊಂಡಳು. ಆನ್‌ಲೈನಿನಲ್ಲೂ ಎರಡು ತರಿಸಿದ್ದಾಳಂತೆ, ಮೂರನ್ನೂ ಲ್ಯಾಬಿಗೆ ತಂದು ಪರೀಕ್ಷೆ ಮಾಡಬೇಕಂತೆ. "ನೀವು ಎಲ್ಲಾನೂ ಅಳತಿ ಮಾಡ್ತೀರಂತೆ. ಅಪ್ಪ ಹೇಳ್ತಿದ್ರು."

ಹೇಳ್ತಿದ್ರು. ಈಗ ಹೇಳುವುದಿಲ್ಲ ಎಂದು ನನಗೆ ಚುಚ್ಚಲೆಂದೇ ಆ ಮಾತು.

ಜೂನ್ 19, ಗುರುವಾರ

ಕಾಲೇಜು ಬಿಟ್ಟ ಮೇಲೆ ಬಂದಳು. ಕಳಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ಮೊದಲನೆಯದನ್ನು ತಕ್ಕಡಿಯಲ್ಲಿಟ್ಟ ಮೇಲೆ ಎರಡನೆಯದನ್ನು ಇಡದೆ ಇರಲಾಗಲಿಲ್ಲ.

ಹುಸೇನ್ ಸಾಬರ ಪಿವಿಸಿ ಏಳುನೂರ ನಲವತ್ತು ಗ್ರಾಂ. ಆನ್‌ಲೈನಿನದು, ಬಿಳಿ, ಹಾಲಿನ ಕವರಿನಷ್ಟು ತೆಳ್ಳಗಿನದು, ನೂರ ಮೂವತ್ತು. ಇನ್ನೊಂದು ಸಿಲಿಕಾನ್ ಲೇಪಿಸಿದ ನೈಲಾನ್, ಇನ್ನೂರ ಎಂಬತ್ತೈದು. ಮಡಚಿದರೆ ಮುಷ್ಟಿಯೊಳಗೆ ಹಿಡಿಯುತ್ತದೆ.

ತೂಕ ಯಾರು ಬೇಕಾದರೂ ನೋಡಬಹುದು. ನೀರನ್ನು ಎಷ್ಟು ತಡೆಯುತ್ತದೆ ಎಂಬುದು ಮುಖ್ಯ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪು ತಂದೆ. ಕೆಳಬಾಯಿಗೆ ಬಟ್ಟೆಯನ್ನು ದಾರದಿಂದ ಬಿಗಿದು, ಮೆಟ್ಟಿಲ ಕಟಕಟೆಯಿಂದ ಪೈಪನ್ನು ಇಳಿಬಿಟ್ಟು, ಮೇಲಿನಿಂದ ನೀರು ಸುರಿಯುತ್ತ ಹೋಗುವುದು. ನೀರಿನ ಎತ್ತರ ಹೆಚ್ಚಿದಷ್ಟೂ ಬಟ್ಟೆಯ ಮೇಲೆ ಒತ್ತಡ ಹೆಚ್ಚು. ಭುಜವೂ ಬೆನ್ನಿನ ಚೀಲವೂ ಒಳಗಿನಿಂದ ಬಟ್ಟೆಯನ್ನು ಬಿಗಿಯಾಗಿ ಒತ್ತುವ ಜಾಗದಲ್ಲಿ ಮಳೆ ಹೀಗೇ ಒಳಗೆ ಬರುತ್ತದೆ. ಅವಳು ಕೆಳಗೆ ಕೂತು ಬಟ್ಟೆಯ ಕೆಳಮೈ ನೋಡುತ್ತಿದ್ದಳು, ನಾನು ಮೇಲೆ ಮಗ್ಗು ಹಿಡಿದಿದ್ದೆ.

ತೆಳ್ಳಗಿನದು ನಲವತ್ತೈದು ಸೆಂಟಿಮೀಟರಿಗೇ ಬೆವರಿತು. ಪಿವಿಸಿ ಎರಡು ಮೀಟರಿಗೂ ಜಗ್ಗಲಿಲ್ಲ, ಆದರೆ ಹೊಲಿಗೆ ಇರುವ ಕಡೆ ಕಟ್ಟಿದಾಗ ಸೂಜಿತೂತಿನಿಂದ ದಾರ ಹಿಡಿದು ಇಳಿಯಿತು. ನೈಲಾನು ಎರಡು ಮೀಟರಿಗೂ ಒಣಗೇ ಇತ್ತು, ಹೊಲಿಗೆಯ ಮೇಲೂ. ಒಳಗಿನಿಂದ ಟೇಪು ಅಂಟಿಸಿದ್ದಾರೆ.

"ಹಂಗಾದ್ರ ಇದೇ," ಎಂದಳು.

"ಇದೇ ಅಂತ ಹೆಂಗೆ ಹೇಳ್ತಿ? ಬಗಲಿನ ಗುಂಡಿ ನೋಡು. ಗಾಳಿ ಬಂದ್ರ ಎಷ್ಟು ಹೊತ್ತು ನಿಲ್ತಾವ? ಟೋಪಿಗೆ ಮುಂದೆ ಗಟ್ಟಿ ಅಂಚು ಐತೋ ಇಲ್ಲೋ ನೋಡು. ಇಲ್ಲಂದ್ರ ಮುಖದ ಮ್ಯಾಲೆ ಬಿದ್ದು ಕಣ್ಣೇ ಕಾಣಂಗಿಲ್ಲ," ಎಂದು ರೇಗಿದೆ.

ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಪೆನ್ನು ಮುಚ್ಚದೆ ಕೇಳಿದಳು: "ಹೋದ ವರ್ಷ ಅಪ್ಪಂದು ಎಷ್ಟು ಉದ್ದ ಇತ್ತು ಸರ್?"

"ಹನ್ನೊಂದೂ ಒಂದೇ ಅಳತಿ," ಎಂದೆ.

ಅದನ್ನೂ ಬರೆದುಕೊಂಡಳು. ಪೊಲೀಸರ ಹಾಗೆ.

ಜೂನ್ 24, ಮಂಗಳವಾರ

ಮನೆಯಲ್ಲಿ ಜಗಳ. ಹೆಂಡತಿ ಅಕ್ಕನಾಗಮ್ಮನಿಗೆ ಯಾರೋ ಹೇಳಿದ್ದಾರೆ, ನಾನು ಆ ಹುಡುಗಿಗೆ ಸಹಾಯ ಮಾಡುತ್ತಿದ್ದೇನೆಂದು. ಒಳ್ಳೆಯದಾಯಿತು ಎಂದಳು. ಸಹಾಯವೂ ಇಲ್ಲ ಮಣ್ಣೂ ಇಲ್ಲ, ಅವರಪ್ಪ ರಾತ್ರಿ ಕುಡಿದು ಬೆಳಿಗ್ಗೆ ಬಿದ್ದದ್ದಕ್ಕೆ ನಾನು ಜೀವಮಾನವೆಲ್ಲ ಪೋಂಚೊ ಅಳೆಯಬೇಕೇ ಎಂದೆ.

ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹಾಲಸ್ವಾಮಿ ಕುಡೀತಾರಾ?"

"ನಿನಗೇನು ಗೊತ್ತು?"

"ನಮ್ಮನಿಗೆ ಹದಿನೈದು ವರ್ಷ ಬಂದು ಹೋಗ್ಯಾರ ರೀ ಅವರು. ನಿಮ್ಮ ತಮ್ಮನ ಮದುವ್ಯಾಗ ಎಲ್ಲರೂ ಮಾಳಿಗಿ ಹತ್ತಿ ಕುಡಿಯೋವಾಗ ಅವರೊಬ್ಬರೇ ಕೆಳಗೆ ಎಲೆ ಹಾಕ್ತಿದ್ರು. ಕೊರಳಾಗ ಲಿಂಗ ಐತೆ, ನಾ ಮುಟ್ಟಲ್ಲವ್ವಾ ಅಂತಿದ್ರು. ನೀವು ನೋಡಿದ್ರೇನು ಕುಡಿದಿದ್ದು?"

ತಟ್ಟೆ ತಳ್ಳಿ ಎದ್ದು ಬಂದೆ. ಇವಳಿಗೆ ಹದಿನೈದು ವರ್ಷದ್ದೆಲ್ಲ ನೆನಪಿರುತ್ತದೆ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರುವುದಿಲ್ಲ.

ಜೂನ್ 28, ಶನಿವಾರ

ಅವಳು ಇವತ್ತು ಹಳೆಯ ಪೋಂಚೊ ತಂದಿದ್ದಳು. ಅದೇ. ಹಸಿರು. ಒಂದು ಬದಿ ಸೀಳಿಹೋಗಿದೆ; ಆಸ್ಪತ್ರೆಯವರು ಕತ್ತರಿಸಿ ತೆಗೆದದ್ದಂತೆ. ಅವರಮ್ಮ ಸುಡಲು ಹೋಗಿದ್ದರಂತೆ, ಇವಳು ಅಟ್ಟದ ಮೇಲೆ ಬಚ್ಚಿಟ್ಟಿದ್ದಳಂತೆ. ಇನ್ನೊಂದು ಹಸಿರು ಪೋಂಚೊವನ್ನು ಕರಿಬಸವರಾಜನಿಂದ ಇಸಿದುಕೊಂಡು ಬಂದಿದ್ದಾಳೆ. ಎರಡನ್ನೂ ಲ್ಯಾಬಿನ ಉದ್ದ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದಳು.

"ಎಂಟು ಇಂಚು," ಎಂದಳು. "ಒಂದೇ ಅಳತಿ ಅಂದ್ರಿ."

"ಕಂಪನಿಯವರ ತಪ್ಪು. ಒಂದು ದೊಡ್ಡ ಸೈಜು ಸೇರಿಸಿ ಕಳಿಸಿದ್ರು."

"ಹಂಗಾದ್ರ ನಿಮಗ ಗೊತ್ತಿತ್ತು."

ನಾನು ತಕ್ಕಡಿ ಒರೆಸತೊಡಗಿದೆ.

"ಅದನ್ನ ಮೊದಲು ಯಾರಿಗೆ ಕೊಟ್ಟಿದ್ರಿ ಸರ್? ಕರಿಬಸವರಾಜ್ ಅಂಕಲ್ ಹತ್ರ ಮೊದಲನೇ ದಿನದ ಫೋಟೋ ಐತೆ. ಅದ್ರಾಗ ಅಪ್ಪನ ಪೋಂಚೊ ಹಿಮ್ಮಡಿಗಿಂತ ಸಾಕಷ್ಟು ಮ್ಯಾಲೆ ಐತೆ."

ಹೊರಗೆ ಹೋಗು ಎಂದು ಕೂಗಿದೆ. ಜವಾನ ಓಡಿಬಂದ. ಎರಡನ್ನೂ ಮಡಚಿಕೊಂಡು ಹೋದಳು. ಅಳಲಿಲ್ಲ. ಅತ್ತಿದ್ದರೆ ಬೈಯಲಿಕ್ಕೆ ಸುಲಭವಿತ್ತು.

ಜೂನ್ 29, ಭಾನುವಾರ

ಹೊರಗೆ ಹೋಗಲಿಲ್ಲ. ಇಲ್ಲಾದರೂ ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಉದ್ದದ್ದು ನನಗೆ ಬಂದಿತ್ತು. ಹಂಚಿದವನೇ ನಾನಾದ್ದರಿಂದ ಕೊನೆಗೆ ಉಳಿದದ್ದು ನನ್ನದಾಯಿತು. ನಾನು ಐದು ಅಡಿ ಎಂಟು ಇಂಚು. ನನಗೇ ಅದು ಹಿಮ್ಮಡಿಗೆ ಬರುತ್ತಿತ್ತು. ಮೊದಲ ದಿನ ಹತ್ತುವಾಗ ಎರಡು ಸಲ ಅಂಚು ತುಳಿದೆ. ಎರಡನೆಯ ಸಲ ಮುಗ್ಗರಿಸಿದಾಗ ಹಿಂದಿದ್ದ ಹಾಲಸ್ವಾಮಿ ನನ್ನ ಚೀಲ ಹಿಡಿದು ನಿಲ್ಲಿಸಿದ. "ಗುರು, ಉದ್ದ ಐತೆ ನೋಡೋ ಇದು, ನಾಳೆ ಇಳಿಯೋವಾಗ ಕೆಡವ್ತೈತೆ," ಎಂದ. ಬಲ ಕಡೆ ಪ್ರಪಾತವಿತ್ತು.

ಮರುದಿನ ಬೆಳಿಗ್ಗೆ ನಾನೇ ಮೊದಲು ಎದ್ದೆ. ತಂಗಿದ್ದ ಮನೆಯ ಜಗಲಿಯಲ್ಲಿ ಹಗ್ಗ ಕಟ್ಟಿ ಎಲ್ಲರೂ ಪೋಂಚೊ ಒಣಹಾಕಿದ್ದರು. ಎಲ್ಲ ಹಸಿರು. ಅವನದು ಯಾವುದೆಂದು ಗೊತ್ತಿತ್ತು, ಟೋಪಿಯ ದಾರಕ್ಕೆ ಗಂಟು ಹಾಕಿದ್ದ. ಗಂಟು ಬಿಚ್ಚಿ ಅದನ್ನು ನಾನು ತೊಟ್ಟೆ. ನನ್ನದಕ್ಕೆ ಗಂಟು ಹಾಕಿ ಅದೇ ಜಾಗದಲ್ಲಿ ತೂಗುಹಾಕಿದೆ.

ಅವನು ಐದು ಅಡಿ ಮೂರು ಇಂಚು. ನನಗೆ ಹಿಮ್ಮಡಿಗೆ ಬರುವುದು ಅವನಿಗೆ ನೆಲಕ್ಕೆ ಬರುತ್ತದೆ. ಇದು ಗೊತ್ತಾಗಲು ತಕ್ಕಡಿ ಬೇಕಿಲ್ಲ, ಪೈಪು ಬೇಕಿಲ್ಲ. ಗೊತ್ತಿತ್ತು. ಗಂಟು ಹಾಕುವಾಗಲೂ ಗೊತ್ತಿತ್ತು.

ಒಂಬತ್ತೂವರೆಗೆ ಬಿದ್ದ. ಗಾಳಿಗೆ ಅಂಚು ಮುಂದಕ್ಕೆ ಬಂದು ಕಾಲಡಿಗೆ ಸಿಕ್ಕಿತು. ದಾರ ಬಿಗಿದುಕೊಂಡಿದ್ದ. ನಾನೇ ನೋಡಿದ್ದೇನೆ.

ಆಸ್ಪತ್ರೆಯ ವರಾಂಡದಲ್ಲಿ ಕರಿಬಸವರಾಜ, "ಅಷ್ಟು ಹುಷಾರಿನ ಮನುಷ್ಯ ಹೆಂಗೆ ಬಿದ್ನೋ," ಎಂದ. ನನ್ನನ್ನು ಕೇಳಿದ್ದೂ ಅಲ್ಲ, ಗೋಡೆಗೆ ಹೇಳಿಕೊಂಡದ್ದು. ನಾನು ಹೇಳಿದೆ: "ರಾತ್ರಿ ಸ್ವಲ್ಪ ತಗೊಂಡಿದ್ದ ಅನ್ಸುತ್ತೆ."

ಯಾರೂ ಕೇಳಿರಲಿಲ್ಲ. ಹನ್ನೊಂದು ತಿಂಗಳಿಂದ ಅದನ್ನೇ ಹೇಳುತ್ತಿದ್ದೇನೆ. ಹೇಳಿ ಹೇಳಿ ಒಂದೊಂದು ದಿನ ಬಾಟಲಿ ಕೂಡ ಕಣ್ಣಿಗೆ ಕಟ್ಟುತ್ತದೆ.

ಜುಲೈ 1, ಮಂಗಳವಾರ

ರಶ್ಮಿಗೆ ಮೆಸೇಜು ಹಾಕಿದೆ: ನೈಲಾನಿನದೇ ತಗೋ. ಅದೂ ನಿನಗೆ ಉದ್ದ. ಹುಸೇನ್ ಸಾಬರ ಹತ್ತಿರ ಕೆಳಗಿನ ಅಂಚು ಮಡಚಿ ಹೊಲಿಸು. ಕೆಳಗಡೆ ಸೂಜಿತೂತಾದರೆ ಪರವಾಗಿಲ್ಲ, ಭುಜದ ಹತ್ತಿರ ಮಾತ್ರ ಸೂಜಿ ಹಾಕಿಸಬೇಡ. ಚೀಲ ಬೆನ್ನಿಗಿದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ಅಳೆಸು. ಚೀಲ ತೆಗೆದರೆ ಹಿಂದುಗಡೆ ಆರು ಇಂಚು ಇಳಿಯುತ್ತದೆ.

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಸೊಕ್ಕು.

ಜುಲೈ 6, ಭಾನುವಾರ

ಗುತ್ತೂರಿಗೆ ಹೋಗಿದ್ದೆ. ಏಕೆ ಹೋದೆನೋ. ಹರಿಹರದ ತನಕ ಬಸ್ಸು, ಅಲ್ಲಿಂದ ಆಟೋ. ಆಟೋದವನು ಎರಡು ಸಲ ಕೇಳಿದ, ಇಲ್ಲೇ ನಿಲ್ಲಿಸಲೇ ಎಂದು. ಎರಡು ಸಲವೂ ಮುಂದಕ್ಕೆ ಎಂದೆ.

ಬಾಗಿಲು ತೆರೆದವಳು ಕೊಟ್ರವ್ವ, ಹಾಲಸ್ವಾಮಿಯ ಹೆಂಡತಿ. ನನ್ನನ್ನು ನೋಡಿ ಒಳಗೆ ಸರಿಯಲಿಲ್ಲ. ಹೊಸ್ತಿಲ ಮೇಲೆ ನಿಂತು ಎರಡು ಕೈಯಿಂದಲೂ ಬಾಗಿಲು ಹಿಡಿದಳು.

"ಯಾಕ ಬಂದ್ರಿ? ಸತ್ತಾರೋ ಬದುಕ್ಯಾರೋ ನೋಡೋಕಾ?"

"ಹಾಲಸ್ವಾಮಿ ಹತ್ರ ಮಾತಾಡ್ಬೇಕು."

"ಹನ್ನೊಂದು ತಿಂಗಳು ಬರ್ಲಿಲ್ಲ. ಬಳಗಂತೆ ಬಳಗ! ಇವರಿಗೆ ಹಾಸಿಗಿ ಮ್ಯಾಲೆ ಹೊರಳೋಕೂ ಬರ್ತಿರ್ಲಿಲ್ಲ. ನಾನೊಬ್ಬಕೀನೇ ಎತ್ತೀನಿ, ಇಳಿಸೀನಿ. ಆವಾಗ ಯಾವ ನಾಯಿನೂ ಈ ಕಡಿ ಹಾದಿಲ್ಲ. ಈಗ ಬಂದ್ರಿ ಮಾತಾಡೋಕೆ!"

ಪಕ್ಕದ ಮನೆಯವರು ಹೊರಗೆ ಬಂದರು. ಒಳಗಿನಿಂದ ಹಾಲಸ್ವಾಮಿಯ ದನಿ: "ಬಿಡು ಕೊಟ್ರಿ. ಬರ್ಲಿ."

ಕುರ್ಚಿಯಲ್ಲಿ ಕೂತಿದ್ದ. ಗೋಡೆಗೆ ಕೋಲು ಒರಗಿಸಿತ್ತು. ತಲೆ ಪೂರ್ತಿ ಬೆಳ್ಳಗಾಗಿದೆ. ರಶ್ಮಿ ಕಿಟಕಿಯ ಹತ್ತಿರ ನಿಂತಿದ್ದಳು. ಯಾರೂ ಕೂತುಕೋ ಎನ್ನಲಿಲ್ಲ. ನಿಂತೇ ಹೇಳಿದೆ. ಹಗ್ಗ, ಗಂಟು, ಎಲ್ಲ. ಹೇಳಿ ಮುಗಿಯುವಷ್ಟರಲ್ಲಿ ಕೊಟ್ರವ್ವ ಅಳುತ್ತ ಒಳಗೆ ಹೋದಳು.

ಹಾಲಸ್ವಾಮಿ ನನ್ನ ಮುಖ ನೋಡಲಿಲ್ಲ.

"ಗೊತ್ತು," ಎಂದ.

"ಏನು ಗೊತ್ತು?"

"ಮೈಮ್ಯಾಲೆ ಹಾಕ್ಕೊಂಡ ಕೂಡ್ಲೇ ಗೊತ್ತಾತು. ನೆಲಕ್ಕ ಬಡೀತಿತ್ತು. ಗಂಟೂ ನನ್ನ ಗಂಟಲ್ಲ. ನೀನು ಹಿಂದಿನ ದಿನ ಎರಡು ಸಲ ಎಡವಿದ್ದೆ, ಹೆದರಿದ್ದೆ. ಹೋಗ್ಲಿ ಬಿಡು, ಇವನಿಗೆ ಗಿಡ್ಡಂದೇ ಇರ್ಲಿ, ನಾನು ದಾರ ಬಿಗಿದು ಮ್ಯಾಲೆ ಎತ್ಕೊಂಡ್ರಾತು ಅನ್ಕೊಂಡೆ. ಎತ್ಕೊಂಡಿದ್ದೆ. ಗಾಳಿ ಬಂದು ಜಾರ್ತು. ಅದು ನನ್ನ ಹಣೆಬರ."

ಅವನು ತಲೆ ಎತ್ತಿದ. ಆ ಕಣ್ಣು ನಾನು ಮೊದಲು ನೋಡಿದ ಕಣ್ಣಲ್ಲ.

"ಕುಡಿದಿದ್ದೆ ಅಂತ ಯಾಕ ಹೇಳಿದೆ?"

ನಾನು ಗೋಡೆಗೆ ಒರಗಿಸಿದ್ದ ಕೋಲು ನೋಡಿದೆ.

"ಅದೊಂದು ಹೇಳು. ಮಿಕ್ಕಿದ್ದು ಬ್ಯಾಡ."

"ಬಾಯಿಂದ ಬಂದುಬಿಡ್ತು."

"ನಿನ್ನ ಬಾಯಿಂದ ಬಂತು. ನಮ್ಮ ಬಳಗದ ಕೊಟ್ಟೂರೇಶ್ ನಮ್ಮ ಫ್ಯಾಕ್ಟರಿ ಆಫೀಸ್ನಾಗೇ ಇರೋದು, ಗೊತ್ತಿಲ್ಲೇನು? ಅವನು ಅಲ್ಲಿ ಹೇಳಿದ. ನಾನು ಎದ್ದು ಕೆಲಸಕ್ಕೆ ಹೋದ್ರ, ನನ್ನ ಮಷೀನಿಂದ ತೆಗೆದು ಸ್ಟೋರಿಗೆ ಹಾಕಿದ್ರು. ಸೊಂಟ ಹೋಗೈತೆ, ಅದಕ್ಕೆ ಅಂದ್ಕೊಂಡೆ. ಆದ್ರ ದಿನಾ ಗೇಟ್ನಾಗ ಕುಡಿದಾನೋ ಇಲ್ಲೋ ನೋಡೋ ಮಷೀನ್ ಹಿಡಿದು ಊದು ಅಂತಾರೆ. ನನಗೊಬ್ಬನಿಗೇ. ನಿನ್ನೆ ಮೊನ್ನೆ ಸೇರಿದ ಹುಡುಗ್ರು ಹಂಗೇ ಒಳಗೆ ಹೋಗ್ತಾರೆ, ನಾನು ಕೋಲು ಹಿಡ್ಕೊಂಡು ನಿಂತು ಊದ್ತೀನಿ. ಇಪ್ಪತ್ತಾರು ವರ್ಷದ ಸರ್ವಿಸ್ ನಂದು."

ರಶ್ಮಿ ಅಪ್ಪನ ಕಡೆ ತಿರುಗಿ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ ಎಂದು ಅವಳ ಮುಖದಲ್ಲಿ ಕಂಡಿತು.

"ಯಾರ್ಯಾರಿಗೆ ಹೇಳೀಯೋ ಅವರಿಗೆಲ್ಲಾ ಹೋಗಿ ಹೇಳು," ಎಂದ. "ಆಮ್ಯಾಲೆ ಈ ಕಡಿ ಬರ್ಬೇಕಂತಿಲ್ಲ."

ಹರಿಹರದ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದನ್ನು ಹತ್ತಿದೆ.

ಜುಲೈ 8, ಮಂಗಳವಾರ

ಹೇಳುವುದು ಅವನಿಗೆ ಸುಲಭ. ನಾಳೆ ಕಾಲೇಜಿನಲ್ಲಿ ಗೊತ್ತಾದರೆ ನನ್ನ ಮುಖಕ್ಕೆ ಬೆಲೆ ಇರುತ್ತದೆಯೇ?

ಯಾರ್ಯಾರಿಗೆ ಹೇಳಿದ್ದೇನೆ ಎಂದು ಪಟ್ಟಿ ಮಾಡಿದೆ. ಬಳಗದವರು ಒಂಬತ್ತು. ಸ್ಟಾಫ್ ರೂಮಿನಲ್ಲಿ ನಾಲ್ಕು. ಷಡ್ಡಕ. ಕ್ಷೌರದಂಗಡಿಯಲ್ಲಿ ಒಂದು ಸಲ, ಆಗ ಎಷ್ಟು ಜನ ಇದ್ದರೋ.

ಜುಲೈ 10, ಗುರುವಾರ

ಅಕ್ಕನಾಗಮ್ಮನಿಗೆ ಹೇಳಿದೆ. ಅವಳು ಪಟ್ಟಿಯಲ್ಲಿರಲಿಲ್ಲ, ಸೇರಿಸಿದೆ. ಬೈಯುತ್ತಾಳೆಂದು ಕಾದೆ. ಸುಮ್ಮನೆ ಪಾತ್ರೆ ತೊಳೆದಳು. ಆಮೇಲೆ, "ಊಟಕ್ಕೆ ಬರ್ರಿ," ಎಂದಳು, ಪರವೂರಿನಿಂದ ಬಂದವರನ್ನು ಕರೆಯುವ ಹಾಗೆ.

ಜುಲೈ 13, ಭಾನುವಾರ

ಕರಿಬಸವರಾಜನ ಅಂಗಡಿಯ ಮಾಳಿಗೆಯಲ್ಲಿ ಬಳಗದ ಸಭೆ. ಮುಂದಿನ ಶನಿವಾರದ ಪ್ರಯಾಣದ ಮಾತು ಮುಗಿದ ಮೇಲೆ ನನಗೊಂದು ಹೇಳುವುದಿದೆ ಎಂದೆ. ಹೇಳಿದೆ. ಮಂಡಕ್ಕಿ ಮೆಲ್ಲುತ್ತಿದ್ದವರು ಬಾಯಿ ನಿಲ್ಲಿಸಿದರು.

ಕೊಟ್ಟೂರೇಶ್ ಎದ್ದು ನಿಂತ. "ನೀವು ಹೇಳಿದ್ರಿ ಅಂತ ನಾನು ಆಫೀಸ್ನಾಗೆ ಹೇಳಿದೆ! ಈಗ ಪಾಪ ನನ್ನ ತಲಿ ಮ್ಯಾಲೆ ಹಾಕ್ತೀರೇನ್ರಿ?"

"ನಿನ್ನ ತಲಿ ಮ್ಯಾಲೆ ಹಾಕ್ತಿಲ್ಲ. ನಂದು ನನಗಿರ್ಲಿ. ಆದ್ರ ಕೆಲಸಕ್ಕೆ ಬಂದಾಗಿಂದ ದಿನಾ ಅವನು ಊದೋದನ್ನ ನೀನು ನೋಡಿಲ್ಲೇನು?"

ಅವನು ಕೂತ. ಕರಿಬಸವರಾಜ ಗಂಟಲು ಸರಿಮಾಡಿಕೊಂಡು, ಕಾರ್ಯದರ್ಶಿ ಸ್ಥಾನ ಬಿಡಬೇಕು, ಈ ಸಲ ಪ್ರಯಾಣಕ್ಕೂ ಬರಬೇಡಿ ಎಂದ. ದನಿಯಲ್ಲಿ ಭಾರೀ ನ್ಯಾಯ. ಔಷಧಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಒಳಗಿನ ಕ್ರೇಪ್ ಬ್ಯಾಂಡೇಜು ಮುಗಿದಿದೆ, ತರಿಸಿ ಎಂದೂ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಇವರೇನು ಸಾಚಾಗಳಲ್ಲ. ನನ್ನ ಒಂದು ಮಾತು ನಂಬಿ ಗುತ್ತೂರಿನ ಕಡೆ ತಲೆ ಹಾಕದವರು. ನಂಬಿದರೆ ಹೋಗುವುದು ತಪ್ಪುತ್ತದೆ, ಅದಕ್ಕೇ ನಂಬಿದರು. ಮೆಟ್ಟಿಲಿಳಿಯುವಾಗ ಹಿಂದೆ ಮತ್ತೆ ಮಂಡಕ್ಕಿಯ ಸದ್ದು ಶುರುವಾಯಿತು.

ಜುಲೈ 15, ಮಂಗಳವಾರ

ರಜೆ ಹಾಕಿ ಫ್ಯಾಕ್ಟರಿಗೆ ಹೋದೆ. ಮಧ್ಯಾಹ್ನದ ಪಾಳಿಯ ಹೊತ್ತು. ಎದುರಿನ ಚಹಾದಂಗಡಿಯಲ್ಲಿ ನಿಂತು ನೋಡಿದೆ. ಗೇಟಿನಲ್ಲಿ ಸಾಲು ಸರಸರ ಒಳಗೆ ಹೋಗುತ್ತಿತ್ತು. ಹಾಲಸ್ವಾಮಿ ಬಂದ. ಯಾರೂ ಹೇಳದೆ ತಾನೇ ಪಕ್ಕಕ್ಕೆ ಸರಿದು ನಿಂತ. ಕಾವಲಿನವನು ಯಂತ್ರ ತಂದು ಹಿಡಿದು, ತಾನು ಬೇರೆ ಕಡೆ ನೋಡಿದ. ಹಾಲಸ್ವಾಮಿ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು ಊದಿದ. ಹಿಂದೆ ಬರುತ್ತಿದ್ದ ಇಬ್ಬರು ಏನೋ ಹೇಳಿಕೊಂಡು ನಕ್ಕರು.

ಚಹಾದ ದುಡ್ಡು ಕೊಟ್ಟು ರಸ್ತೆ ದಾಟಿದೆ.

ಒಳಗೆ ಸುರಕ್ಷತಾ ಅಧಿಕಾರಿ ಎಂದು ಒಬ್ಬ, ಮೂವತ್ತರ ಹುಡುಗ. ಪೂರ್ತಿ ಕೇಳಿಸಿಕೊಂಡು ಕಾಗದ ಕೊಟ್ಟ. ನಾನು ಬರೆಯುವುದನ್ನು ತಲೆಕೆಳಗಾಗಿ ಓದುತ್ತಿದ್ದ. "ಸರ್, 'ಸುಳ್ಳು ಹೇಳಿದೆ' ಅಂತ ಯಾಕೆ? 'ತಪ್ಪು ತಿಳುವಳಿಕೆಯಿಂದ' ಅಂತ ಹಾಕ್ರಿ. ನಿಮಗೂ ಸೇಫ್, ನಮಗೂ ಫೈಲ್ನಲ್ಲಿ ನೀಟಾಗಿರ್ತದೆ."

ಅವನ ಇಸ್ತ್ರಿ ಅಂಗಿ ನೋಡಿ ಸಿಟ್ಟು ಬಂತು. ಸುಳ್ಳು ಎಂದೇ ಬರೆದೆ. ಕೆಳಗೆ ಕಾಲೇಜಿನ ವಿಳಾಸವನ್ನೂ ಹಾಕಿದೆ, ಬೇಕಾದರೆ ಅಲ್ಲಿಗೂ ಬರೆಯಲಿ.

ಜುಲೈ 19, ಶನಿವಾರ

ಬರಬೇಡಿ ಎಂದಿದ್ದರೂ ಹೋದೆ. ಪ್ರಯಾಣಕ್ಕಲ್ಲ. ಬಸ್ಸು ಬೆಳಿಗ್ಗೆ ಐದೂವರೆಗೆ ವಿದ್ಯಾನಗರದಿಂದ ಹೊರಡುವುದಿತ್ತು. ಜಿಟಿಜಿಟಿ ಮಳೆ. ಸ್ಕೂಟರನ್ನು ರಸ್ತೆಯ ಈಚೆ ನಿಲ್ಲಿಸಿ ಮರದಡಿ ನಿಂತೆ. ಕರಿಬಸವರಾಜ ನೋಡಿದರೂ ನೋಡದವನಂತೆ ಮುಂದಿನ ಸೀಟು ಹತ್ತಿದ.

ಹಾಲಸ್ವಾಮಿಯೂ ಬಂದಿದ್ದ, ಮಗಳನ್ನು ಕಳಿಸಲು. ಅವನು ಬರುವುದು ನನಗೆ ಗೊತ್ತಿದ್ದರೆ ನಾನು ಬರುತ್ತಿರಲಿಲ್ಲ.

ರಶ್ಮಿ ರಸ್ತೆ ದಾಟಿ ನನ್ನ ಹತ್ತಿರ ಬಂದಳು. ನೈಲಾನಿನ ಪೋಂಚೊ ತೊಟ್ಟಿದ್ದಳು, ಒಳಗೆ ಚೀಲದ ಗೂನು.

"ಬುಧವಾರದಿಂದ ಅಪ್ಪಗೆ ಊದ್ಸೋದು ನಿಲ್ಸಿದ್ರು," ಎಂದಳು. "ಅದಕ್ಕೆ ನಾನು ನಿಮ್ಮನ್ನ ಮಾಫ್ ಮಾಡೀನಿ ಅನ್ಕೋಬ್ಯಾಡ್ರಿ. ಮಾಡಿಲ್ಲ."

"ಅನ್ಕೊಂಡಿಲ್ಲ."

"ಇದು ಸರಿ ಐತಾ ನೋಡ್ರಿ ಮತ್ತೆ."

ಒದ್ದೆ ರಸ್ತೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಸುತ್ತಲೂ ಅಂಚು ನೋಡಿದೆ. ಹುಸೇನ್ ಸಾಬ್ ಚೆನ್ನಾಗಿ ಮಡಚಿ ಹೊಲಿದಿದ್ದಾರೆ. ಮುಂದೆ ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ, ಹಿಂದೆಯೂ ಅಷ್ಟೇ. ಎಡಗಡೆಯ ಒಂದು ಗುಂಡಿ ಬಿಚ್ಚಿತ್ತು, ಒತ್ತಿದೆ.

"ಸರಿ ಐತೆ. ಮೆಟ್ಟಿಲಿಳಿಯೋವಾಗ ಚೀಲ ತೆಗೀಬ್ಯಾಡ. ಗಾಳಿ ಜೋರಾದ್ರ ಅಂಚು ಕೈಯಾಗ ಹಿಡ್ಕೊ, ನಾಚ್ಕೊಬ್ಯಾಡ."

ಅವಳು ರಸ್ತೆ ದಾಟಿ ಬಸ್ಸು ಹತ್ತಿದಳು. ಬ್ಯಾಂಡೇಜು ತರಿಸಿದರೋ ಇಲ್ಲವೋ ಕೇಳುವುದು ಮರೆತೆ.

ಬಸ್ಸು ಹೋದ ಮೇಲೆ ರಸ್ತೆಯಲ್ಲಿ ನಾವಿಬ್ಬರೇ ಉಳಿದೆವು, ಆಚೆ ಅವನು, ಈಚೆ ನಾನು. ಸ್ಕೂಟರ್ ತಳ್ಳಿಕೊಂಡು ಅವನ ಹತ್ತಿರ ಹೋಗಿ, ಹರಿಹರದ ತನಕ ಬಿಡುತ್ತೇನೆ ಎಂದೆ.

"ಬಸ್ ಐತೆ," ಎಂದ.

ನಡೆಯತೊಡಗಿದ. ಸ್ಟಾಪು ಅರ್ಧ ಕಿಲೋಮೀಟರು. ನಾನು ಸ್ಕೂಟರ್ ತಳ್ಳಿಕೊಂಡು ಪಕ್ಕದಲ್ಲಿ ನಡೆದೆ. ಬೇಡ ಎನ್ನಲಿಲ್ಲ. ಮೂರು ಕಡೆ ನಿಂತು ಸುಧಾರಿಸಿಕೊಂಡ. ಅವನು ನಿಂತಾಗ ನಾನೂ ನಿಂತೆ. ಹಿಂದೆ ಬೆಟ್ಟ ಹತ್ತುವಾಗ ನಿಲ್ಲುತ್ತಿದ್ದವನು ನಾನು, ಕಾಯುತ್ತಿದ್ದವನು ಅವನು.

ಹರಿಹರದ ಬಸ್ಸು ಬಂತು. ಮೆಟ್ಟಿಲು ಎತ್ತರ. ಕೈ ಚಾಚಿದೆ. ಅವನು ನನ್ನ ಕೈ ನೋಡಿದ, ಹಿಡಿಯಲಿಲ್ಲ. ಕಂಬಿ ಹಿಡಿಯಲು ಎರಡೂ ಕೈ ಬೇಕಾಗಿತ್ತು. ಒಂದು ಕ್ಷಣ ಅತ್ತಿತ್ತ ನೋಡಿದ. ನಂತರ ಕೋಲನ್ನು ನನ್ನ ಕಡೆ ಚಾಚಿದ. ನಾನು ಹಿಡಿದುಕೊಂಡೆ. ಅವನು ಕಂಬಿ ಹಿಡಿದು, ಒಳ್ಳೆಯ ಕಾಲನ್ನು ಮೊದಲಿಟ್ಟು, ಇನ್ನೊಂದನ್ನು ಎಳೆದುಕೊಂಡು ತಾನೇ ಹತ್ತಿದ. ಕಂಡಕ್ಟರು ಸೀಟಿ ಊದಿದ.

ಕಿಟಕಿಯಿಂದ ಕೈ ಹೊರಬಂತು.

"ಕೋಲು ಕೊಡೋ, ಗುರು."

ಕೊಟ್ಟೆ. ಬಸ್ಸು ಹೋಯಿತು.